ಕೆಳಗಿನ ಸೆಟ್ ಎದ್ದು ಬರದಂತೆ ಕಟ್ಟುವುದು ಹೇಗೆ: ಪೂರ್ತಿ ಹಲ್ಲಿನ ಸೆಟ್‌ಗೆ ಒಂದು ಕೈಪಿಡಿ

"ಮೇಲಿಂದು ಕಚ್ಚಿ ಕೂತಿದೆ ಡಾಕ್ಟ್ರೇ, ಕೆಳಗಿಂದೇ ನಿಲ್ಲಲ್ಲ." ಪೂರ್ತಿ ಸೆಟ್ ಕಟ್ಟಿಸಿಕೊಂಡವರು ವಾರ ಕಳೆದು ವಾಪಸು ಬಂದಾಗ ಹೆಚ್ಚಾಗಿ ಕೇಳಿಬರುವ ಮಾತು ಇದು. ಕೇಳಿದ ಕೂಡಲೇ ಅಳತೆ ಕೆಟ್ಟಿದೆ ಎಂದು ತೀರ್ಮಾನಿಸಿ ರೀಲೈನ್ ಮಾಡಿ, ಅಂದರೆ ಸೆಟ್ಟಿನ ಒಳಮೈಗೆ ಹೊಸ ಪದರ ಹಾಕಿ, ಕಳಿಸುವ ರೂಢಿ ಇದೆ. ಆದರೆ ಸಡಿಲ ಎಂದು ಬರುವ ಕೆಳಗಿನ ಸೆಟ್‌ಗಳಲ್ಲಿ ಅಳತೆ ಸರಿಯಾಗಿದ್ದು ಬೈಟ್ (ಎರಡೂ ದವಡೆ ಕೂಡುವ ಎತ್ತರ ಮತ್ತು ಜಾಗ) ತಪ್ಪಿದವು ಬೇಕಾದಷ್ಟಿವೆ. ತಪ್ಪು ಬೈಟ್ ಇರುವ ಸೆಟ್‌ಗೆ ರೀಲೈನ್ ಮಾಡಿದರೆ ಆ ತಪ್ಪೇ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ. ಈ ಬರಹ ಮೊದಲ ಭೇಟಿಯಿಂದ ಸೆಟ್ ಕೂರಿಸುವ ದಿನದವರೆಗೆ ಹೋಗುತ್ತದೆ. ಕೆಳದವಡೆ ಮತ್ತು ಬೈಟ್ ವಿಷಯದಲ್ಲಿ ಮಾತ್ರ ಬೇಕೆಂದೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಕೆಳಗಿನ ಸೆಟ್ ಹುಟ್ಟಿನಿಂದಲೇ ಬಡಪಾಯಿ. ಮೇಲಿನದಕ್ಕೆ ಇಡೀ ಅಂಗುಳದ ಆಸರೆ ಇದೆ. ಕೆಳಗಿನದಕ್ಕೆ ಸಿಗುವ ಜಾಗ ಅದರ ಅರ್ಧದಷ್ಟು, ಅದೂ ಕುದುರೆ ಲಾಳದ ಆಕಾರದಲ್ಲಿ. ಒಳಗಡೆ ನಾಲಿಗೆ, ಹೊರಗಡೆ ಕೆನ್ನೆ ಮತ್ತು ತುಟಿ, ಕೆಳಗೆ ಬಾಯಿಯ ತಳ ಮೂರೂ ಅದನ್ನು ದಿನವಿಡೀ ನೂಕುತ್ತಿರುತ್ತವೆ. ಇದರ ಜೊತೆಗೆ ಎಲುಬು ಸವೆಯುವ ವಿಚಾರ. 1972ರಲ್ಲಿ ಪ್ರಕಟವಾದ ಟಾಲ್‌ಗ್ರೆನ್ ಅವರ ದೀರ್ಘಕಾಲದ ಅಧ್ಯಯನ ಕಂಡುಕೊಂಡಂತೆ, ಹಲ್ಲಿಲ್ಲದ ಬಾಯಲ್ಲಿ ಕೆಳಗಿನ ರಿಡ್ಜ್ (ಹಲ್ಲು ಹೋದ ಮೇಲೆ ಉಳಿಯುವ ದವಡೆಯ ದಿಬ್ಬ) ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಹಾಗಾಗಿ ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ರೋಗಿಗೆ ಗೊತ್ತಾಗುತ್ತದೆ.

ಮೊದಲ ಭೇಟಿ

ಅಳತೆಯ ಟ್ರೇ ಕೈಗೆತ್ತಿಕೊಳ್ಳುವ ಮುಂಚೆ ಬಾಯಿ ಪೂರ್ತಿ ನೋಡಿ, ಬೆರಳಿಂದ ಮುಟ್ಟಿ. ರಿಡ್ಜ್ ಮೇಲೆ ಬೆರಳಾಡಿಸಿದಾಗ ಮೇಲುದವಡೆಯ ಮುಂಭಾಗ ಅಲುಗುತ್ತದೆಯೇ? ಅಲುಗುವ ವಸಡನ್ನು ಒತ್ತಿ ಅಳತೆ ತೆಗೆದರೆ ಅದು ಸ್ಪ್ರಿಂಗಿನಂತೆ ಮರಳಿ ಸೆಟ್ಟನ್ನು ಕೆಳಗೆ ತಳ್ಳುತ್ತದೆ. ಅಂಥ ಕಡೆ ಟ್ರೇಯಲ್ಲಿ ಕಿಟಕಿ ಬಿಟ್ಟು ತೆಳು ವಸ್ತುವಿನಿಂದ ಅಳತೆ ತೆಗೆಯಬೇಕು. ಕೆಳದವಡೆಯ ಒಳಮಗ್ಗುಲಲ್ಲಿ ಮೈಲೊಹಯಾಯ್ಡ್ ಏಣು ಚೂಪಾಗಿದೆಯೇ, ಎಲುಬಿನ ಗಂಟುಗಳಿವೆಯೇ ನೋಡಿಕೊಳ್ಳಿ. ನಾಲಿಗೆ ಎಲ್ಲಿ ಕೂತಿದೆ ಎಂಬುದನ್ನೂ ಗಮನಿಸಿ. ಬಾಯಿ ಸ್ವಲ್ಪ ತೆರೆದಾಗ ನಾಲಿಗೆಯ ತುದಿ ಮುಂದಿನ ರಿಡ್ಜ್‌ಗೆ ತಾಗಿಕೊಂಡಿದ್ದರೆ ಒಳ್ಳೆಯದು. ಹಿಂದಕ್ಕೆ ಮುದುಡಿಕೊಂಡಿದ್ದರೆ ಒಳಅಂಚಿನ ಸೀಲ್, ಅಂದರೆ ಗಾಳಿ ಒಳಹೋಗದಂತೆ ಹಿಡಿಯುವ ಬಿಗಿ, ನಿಲ್ಲುವುದಿಲ್ಲ. ಆ ಮಾತನ್ನು ರೋಗಿಗೆ ಅಂದೇ ಹೇಳಬೇಕು, ಸೆಟ್ ಕೊಟ್ಟ ಮೇಲಲ್ಲ.

ಅಡಿಕೆ, ಗುಟ್ಕಾ, ಎಲೆಅಡಿಕೆ ಜೊತೆ ತಂಬಾಕು ಹಾಕುವವರಲ್ಲಿ ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಡಿಮೆಯಾಗಿರಬಹುದು. ಮಲೆನಾಡು, ಕರಾವಳಿಯಿಂದ ಬರುವವರಲ್ಲಿ ಇದನ್ನು ನೋಡದೆ ಬಿಡಬೇಡಿ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಕಾಯಿಲೆ ಇರುವ ಬಾಯಿಗೆ ಸಾಮಾನ್ಯ ಟ್ರೇ ಒಳಗೇ ಹೋಗುವುದಿಲ್ಲ, ಎರಡು ತುಂಡಿನ ಟ್ರೇ ಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಸೆಟ್ ಕೆಲಸ ನಿಲ್ಲಿಸಿ ಬಯಾಪ್ಸಿಗೆ ಕಳಿಸಿ. ಹಲ್ಲು ಮುಂದಿನ ತಿಂಗಳು ಕಟ್ಟಬಹುದು.

ಹಳೆಯ ಸೆಟ್ ಇದ್ದವರು ಅಳತೆಗೆ ಬರುವ ಮುಂಚೆ ಕನಿಷ್ಠ 24 ಗಂಟೆ ಅದನ್ನು ತೆಗೆದಿಡಬೇಕು. ಒತ್ತಿ ಊದಿಕೊಂಡ ವಸಡಿನ ಮೇಲೆ ತೆಗೆದ ಅಳತೆ, ಊತ ಇಳಿದ ಮರುದಿನಕ್ಕೆ ಹೊಂದುವುದಿಲ್ಲ. ಅಂಗುಳ ಕೆಂಪಾಗಿ ಸೆಟ್ಟಿನ ಆಕಾರದಲ್ಲೇ ಅಚ್ಚೊತ್ತಿದಂತಿದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಫಂಗಸ್. ಮೊದಲು ಅದಕ್ಕೆ ಔಷಧ ಕೊಟ್ಟು, ಹಳೆಯ ಸೆಟ್ಟಿನ ಒಳಮೈಗೆ ಟಿಶ್ಯೂ ಕಂಡೀಷನರ್ ಎಂಬ ಮೆತ್ತನೆ ಪದರ ಹಾಕಿ, ವಸಡು ತಿಳಿಗುಲಾಬಿ ಬಣ್ಣಕ್ಕೆ ಬಂದ ಮೇಲೆ ಅಳತೆ.

ಮೊದಲ ಅಳತೆ, ಆಮೇಲೆ ಸ್ವಂತ ಟ್ರೇ

ಮೊದಲ ಅಳತೆಯ ಕೆಲಸ ಒಂದೇ, ಎಲ್ಲ ಗುರುತುಗಳೂ ಅಚ್ಚಿನಲ್ಲಿ ಬರಬೇಕು. ಕೆಳಗೆ ದವಡೆಯ ಕೊನೆಯ ಮೆತ್ತನೆ ದಿಂಬು, ಅಂದರೆ ರೆಟ್ರೊಮೋಲಾರ್ ಪ್ಯಾಡ್ ಎರಡೂ ಕಡೆ ಪೂರ್ತಿ ಕಾಣಬೇಕು. ಮೇಲೆ ಹಿಂದುಗಡೆಯ ಹ್ಯಾಮ್ಯುಲರ್ ತಗ್ಗುಗಳೆರಡೂ ಬರಬೇಕು. ಇಂಪ್ರೆಶನ್ ಕಾಂಪೌಂಡ್ ಆದರೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಳಗಿನವರೆಗೂ ಮೆತ್ತಗಾಗಲು ಬಿಟ್ಟು ನಾದಿ ಹಾಕಿ. ಹೊರಗೆ ಮಾತ್ರ ಮೆತ್ತಗಾಗಿ ನಡುವೆ ಗಟ್ಟಿ ಉಳಿದರೆ ಅಳತೆ ಹೊರಬಂದ ಮೇಲೆ ಸೊಟ್ಟಗಾಗುತ್ತದೆ. ಆಲ್ಜಿನೇಟ್ ಆದರೆ ಕಂಪನಿ ಹೇಳಿದ ಪುಡಿ-ನೀರಿನ ಪ್ರಮಾಣ ಬಿಡಬೇಡಿ, ಬೌಲಿನ ಗೋಡೆಗೆ ಒತ್ತಿ ಸುಮಾರು ಒಂದು ನಿಮಿಷ ಕಲಸಿ. ತೆಗೆದ 10-12 ನಿಮಿಷದೊಳಗೆ ಸ್ಟೋನ್ (ಅಚ್ಚು ಮಾಡುವ ಗಟ್ಟಿ ಜಿಪ್ಸಮ್) ಸುರಿಯಬೇಕು. ಲ್ಯಾಬ್ ಬೇರೆ ಊರಿನಲ್ಲಿದೆ ಎಂದು ಆಲ್ಜಿನೇಟ್ ಅಳತೆಯನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಬಸ್ಸಿನ ಪಾರ್ಸೆಲ್‌ಗೆ ಹಾಕುವ ಅಭ್ಯಾಸ ಸಣ್ಣ ಊರುಗಳ ಕ್ಲಿನಿಕ್‌ಗಳಲ್ಲಿದೆ. ಆಲ್ಜಿನೇಟ್ ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಹಿಗ್ಗುತ್ತದೆ. ಅಚ್ಚನ್ನು ನಿಮ್ಮ ಕ್ಲಿನಿಕ್‌ನಲ್ಲೇ ಸುರಿದು, ಆ ಅಚ್ಚನ್ನು ಕಳಿಸಿ.

ಈ ಅಚ್ಚಿನ ಮೇಲೆ ಅಕ್ರಿಲಿಕ್ಕಿನ ಸ್ವಂತ ಟ್ರೇ ಮಾಡಿಸುವಾಗ ನಾಲ್ಕು ಮಾತು ಬರೆದು ಕಳಿಸಿ. ಟ್ರೇ ಅಂಚು ಸಲ್ಕಸ್ಸಿನ (ರಿಡ್ಜ್‌ಗೂ ಕೆನ್ನೆ-ತುಟಿಗೂ ನಡುವಿನ ತಗ್ಗಿನ) ತಳಕ್ಕಿಂತ 2 ಮಿ.ಮೀ. ಗಿಡ್ಡ ಇರಲಿ. ಅಳತೆ ವಸ್ತುವಿಗೆ ಜಾಗ ಬಿಡುವ ಮೇಣದ ಸ್ಪೇಸರ್ ಒಂದು ಪದರ ಸಾಕು. ಹಿಡಿಕೆ ಮೊದಲು ನೆಟ್ಟಗೆ ಮೇಲಕ್ಕೆದ್ದು ಆಮೇಲೆ ಮುಂದಕ್ಕೆ ಬರಲಿ, ಇಲ್ಲದಿದ್ದರೆ ತುಟಿ ಅದಕ್ಕೆ ತಗುಲಿ ಮುಂದಿನ ಅಂಚು ಸುಳ್ಳಾಗಿ ಮೂಡುತ್ತದೆ. ಕೆಳಗಿನ ಟ್ರೇಗೆ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು) ಜಾಗದಲ್ಲಿ ಎರಡೂ ಕಡೆ ಬೆರಳೊರಗು ಇರಲಿ. ತಣ್ಣನೆ ಅಕ್ರಿಲಿಕ್ಕಿನಲ್ಲಿ ಇಂದು ಮಾಡಿದ ಟ್ರೇಯನ್ನು ನಾಳೆ ಬಳಸಿ, ಆ ಹೊತ್ತಿಗೆ ಅದು ಕುಗ್ಗಿ ಮುಗಿದಿರುತ್ತದೆ.

ಅಂಚು ಮೂಡಿಸುವುದು: ಇಲ್ಲಿ ಅವಸರ ಬೇಡ

ಮೊದಲು ಬರಿಯ ಟ್ರೇಯನ್ನೇ ಬಾಯಲ್ಲಿಟ್ಟು ಕೆನ್ನೆ, ತುಟಿ ಎಳೆದು ನೋಡಿ. ಟ್ರೇ ಏಳುತ್ತಿದ್ದರೆ ಅಂಚು ಉದ್ದ, ಅಲ್ಲೇ ಸವೆಸಿ. ಉದ್ದದ ಟ್ರೇ ಮೇಲೆ ಗ್ರೀನ್ ಸ್ಟಿಕ್ (ಅಂಚು ಮೂಡಿಸಲು ಬಳಸುವ, ಬಿಸಿಗೆ ಮೆತ್ತಗಾಗುವ ಕಡ್ಡಿ) ಹಾಕಿದರೆ ಅದು ಮೂಡುವುದಿಲ್ಲ, ಪಕ್ಕಕ್ಕೆ ಜಾರಿ ತೆಳ್ಳಗೆ ಅಂಟಿಕೊಳ್ಳುತ್ತದೆ. ಗ್ರೀನ್ ಸ್ಟಿಕ್ ಕಾಂಪೌಂಡನ್ನು ಜ್ವಾಲೆಯಲ್ಲಿ ಕರಗಿಸಿ ಅಂಚಿಗೆ ಸವರಿ, ಬಿಸಿನೀರಿನಲ್ಲಿ ಒಮ್ಮೆ ಅದ್ದಿಯೇ ಬಾಯಿಗೆ ಹಾಕಿ. ಹಾಗೇ ಹಾಕಿದರೆ ಸುಡುತ್ತದೆ, ಸುಟ್ಟವರು ಮುಂದೆ ನಾಲಿಗೆ ಅಲ್ಲಾಡಿಸಲು ಹೆದರುತ್ತಾರೆ. ಒಂದೊಂದು ಭಾಗವನ್ನೇ ಮಾಡುತ್ತಾ ಹೋಗಿ. ಇಡೀ ಅಂಚನ್ನು ಒಂದೇ ಸಲ ಮಾಡಲು ಹೊರಟರೆ ಹಿಂದಿನ ಭಾಗ ತಣ್ಣಗಾಗಿರುತ್ತದೆ, ಮುಂದಿನದು ಇನ್ನೂ ಹರಿಯುತ್ತಿರುತ್ತದೆ.

ಕೆಳದವಡೆಯ ಮುಂಭಾಗಕ್ಕೆ ತುಟಿಯನ್ನು ಮೆಲ್ಲಗೆ ಹೊರಕ್ಕೆ, ಮೇಲಕ್ಕೆ, ಒಳಕ್ಕೆ ಎಳೆಯಿರಿ. ಕೆನ್ನೆಯ ಭಾಗಕ್ಕೆ ಕೆನ್ನೆಯನ್ನು ಹೊರಕ್ಕೆ, ಮೇಲಕ್ಕೆ ಎಳೆದು ಹಿಂದಕ್ಕೂ ಮುಂದಕ್ಕೂ ಆಡಿಸಿ, ಬಕ್ಕಲ್ ಫ್ರೀನಮ್ಮಿನ, ಅಂದರೆ ಕೆನ್ನೆಯನ್ನು ವಸಡಿಗೆ ಕಟ್ಟುವ ಎಳೆಯ, ಕಚ್ಚು ಸ್ಪಷ್ಟವಾಗುತ್ತದೆ. ಅದರ ಹಿಂದೆ ಇರುವ ಚಪ್ಪಟೆ ಎಲುಬಿನ ಜಗಲಿಗೆ ಬಕ್ಕಲ್ ಶೆಲ್ಫ್ ಎಂದು ಹೆಸರು. ಜಗಿಯುವ ಒತ್ತಡ ಇದರ ಮೇಲೆ ನೇರವಾಗಿ ಬೀಳುತ್ತದೆ, ಎಲುಬೂ ಗಟ್ಟಿ, ಹಾಗಾಗಿ ಕೆಳಗಿನ ಸೆಟ್‌ಗೆ ಇದೇ ಅಡಿಪಾಯ. ಟ್ರೇ ಇದನ್ನು ಪೂರ್ತಿ ಹೊದ್ದಿರಬೇಕು. ಹಿಂದಿನ ಹೊರಮೂಲೆಗೆ ಬಂದಾಗ ಬೆರಳೊರಗುಗಳನ್ನು ಕೆಳಕ್ಕೆ ಒತ್ತಿ ಹಿಡಿದು "ಬಾಯಿ ಮುಚ್ಚಿ ನೋಡೋಣ" ಎನ್ನಿ. ನಿಮ್ಮ ಬೆರಳಿನ ವಿರುದ್ಧ ಮುಚ್ಚಲು ಹೋದಾಗ ಮ್ಯಾಸೆಟರ್ ಸ್ನಾಯು ಉಬ್ಬಿ ಅಲ್ಲೊಂದು ತಗ್ಗು ಮೂಡಿಸುತ್ತದೆ. ಆ ತಗ್ಗನ್ನು ಮೂಡಿಸದೆ ಬಿಟ್ಟ ಸೆಟ್ ಪ್ರತಿ ಸಲ ಗಟ್ಟಿಯಾಗಿ ಕಚ್ಚಿದಾಗಲೂ ಹಿಂದಿನಿಂದ ಮುಂದಕ್ಕೆ ನೂಕಿಸಿಕೊಳ್ಳುತ್ತದೆ.

ಒಳಮಗ್ಗುಲೇ ಎಲ್ಲಕ್ಕಿಂತ ಕಷ್ಟ. ಮುಂದಿನ ಭಾಗಕ್ಕೆ ನಾಲಿಗೆ ಹೊರಚಾಚಿಸಿ, ಆಮೇಲೆ ನಾಲಿಗೆಯ ತುದಿಯನ್ನು ಮುಂದಿನ ಅಂಗುಳಕ್ಕೆ ಒತ್ತಿಸಿ. ಮೊದಲನೆಯದರಿಂದ ಅಂಚಿನ ಎತ್ತರ ತಿಳಿಯುತ್ತದೆ, ಎರಡನೆಯದರಿಂದ ದಪ್ಪ. ನಡುಭಾಗಕ್ಕೆ ಎಂಜಲು ನುಂಗಿಸಿ, ನಾಲಿಗೆ ಹೊರಗೆ ಹಾಕಿಸಿ. ಈ ಅಂಚು ಮೈಲೊಹಯಾಯ್ಡ್ ಏಣಿಗಿಂತ ಕೆಳಗೆ ಇಳಿದಿರಬೇಕು, ಆದರೆ ಎಲುಬಿಗೆ ಅಂಟಿಕೊಂಡು ಅಲ್ಲ, ನಾಲಿಗೆಯ ಕಡೆಗೆ ವಾಲಿಕೊಂಡು. ಏಣಿನ ಮೇಲೆಯೇ ನಿಂತ ಅಂಚು ಚಾಕುವಿನಂತೆ ಕೊರೆಯುತ್ತದೆ. ಅದಕ್ಕೆ ಹೆದರಿ ಗಿಡ್ಡ ಮಾಡಿದರೆ ನಾಲಿಗೆ ಅಂಚಿನ ಕೆಳಗೆ ನುಸುಳಿ ಸೆಟ್ಟನ್ನು ಎತ್ತುತ್ತದೆ. ಕೊನೆಯ ಹಿಂದಿನ ಮೂಲೆಗೆ ಮತ್ತೊಮ್ಮೆ ನಾಲಿಗೆ ಚಾಚಿಸಿ, ಕೂಡಲೇ ಬೆರಳಿನ ವಿರುದ್ಧ ಬಾಯಿ ಮುಚ್ಚಿಸಿ. ಎಲ್ಲ ಮುಗಿದಾಗ ಒಳಅಂಚನ್ನು ಮೇಲಿನಿಂದ ನೋಡಿದರೆ ಮೆತ್ತನೆಯ ಎಸ್ ಆಕಾರದ ಬಳುಕು ಕಾಣಬೇಕು. ನೆಟ್ಟಗಿದ್ದರೆ ಎಲ್ಲೋ ಚಲನೆ ಸಾಲದು.

ಮೇಲುದವಡೆಯಲ್ಲಿ ಎರಡೇ ಎಚ್ಚರಿಕೆ. ಹಿಂದಿನ ಹೊರಮೂಲೆ ಮೂಡಿಸುವಾಗ ಬಾಯಿ ಅಗಲವಾಗಿ ತೆರೆಸಿ, ಕೆಳದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ. ಕೊರೊನಾಯ್ಡ್ ಎಲುಬು ಮುಂದೆ ಬಂದು ಆ ಮೂಲೆಯ ದಪ್ಪವನ್ನು ಅದೇ ಕತ್ತರಿಸಿಕೊಡುತ್ತದೆ. ಎರಡನೆಯದು ಹಿಂದಿನ ಸೀಲ್. ರೋಗಿ "ಆ..." ಎಂದಾಗ ಅಂಗುಳದಲ್ಲಿ ಅಲುಗದ ಭಾಗ ಮುಗಿದು ಅಲುಗುವ ಭಾಗ ಶುರುವಾಗುವ ಗೆರೆಯನ್ನು ಅಳಿಸದ ಪೆನ್ಸಿಲಿನಿಂದ ಒಂದು ಹ್ಯಾಮ್ಯುಲರ್ ತಗ್ಗಿನಿಂದ ಇನ್ನೊಂದರವರೆಗೆ ಎಳೆಯಿರಿ. ಸೆಟ್ ಅಲ್ಲಿಗೇ ಮುಗಿಯಬೇಕು. ಅದರ ಮುಂದಿನ ಮೆತ್ತನೆ ಜಾಗವನ್ನು ಟಿ-ಬರ್ನಿಶರಿನಿಂದ ಒತ್ತಿ ನೋಡಿ, ಒತ್ತುವಷ್ಟೇ ಆಳಕ್ಕೆ, ಸಾಮಾನ್ಯವಾಗಿ 1ರಿಂದ 1.5 ಮಿ.ಮೀ., ಅಚ್ಚಿನ ಮೇಲೆ ಕೆರೆಯಬೇಕು. ಈ ಕೆರೆಯುವ ಕೆಲಸವನ್ನು ಲ್ಯಾಬಿಗೆ ಬಿಡಬೇಡಿ. ಅಂಗುಳವನ್ನು ಮುಟ್ಟಿ ನೋಡಿದವರು ನೀವು, ಅವರಲ್ಲ.

ಕೊನೆಯ ಅಳತೆಗೆ ಟ್ರೇಯ ಒಳಗಿನ ಸ್ಪೇಸರ್ ಮೇಣ ತೆಗೆಯಿರಿ, ಮೇಲಿನ ಟ್ರೇಯ ಅಂಗುಳದಲ್ಲಿ ಒಂದೆರಡು ರಂಧ್ರ ಮಾಡಿ. ಜಿಂಕ್ ಆಕ್ಸೈಡ್ ಯೂಜಿನಾಲ್ ಪೇಸ್ಟಿನ ಎರಡು ಟ್ಯೂಬಿನಿಂದಲೂ ಸಮ ಉದ್ದ ತೆಗೆದು, ಗೆರೆಗಳು ಮಾಯವಾಗಿ ಒಂದೇ ಬಣ್ಣ ಬರುವವರೆಗೆ ಕಲಸಿ ತೆಳ್ಳಗೆ ಸವರಿ. ತುಟಿಗೆ ಮುಂಚೆಯೇ ವ್ಯಾಸಲೀನ್ ಹಚ್ಚಿ. ಬಾಯಿ ಒಣಗುವವರಿಗೆ ಈ ಪೇಸ್ಟ್ ಉರಿ, ಒಳಸರಿದ ಜಾಗಗಳಿದ್ದರೆ ಮುರಿದುಹೋಗುತ್ತದೆ. ಅವರಿಗೆ ಲೈಟ್ ಬಾಡಿ ಸಿಲಿಕೋನ್ ಒಳ್ಳೆಯದು. ಪೇಸ್ಟ್ ಗಟ್ಟಿಯಾಗುವ ಮುಂಚೆ ಅಂಚು ಮೂಡಿಸಿದಾಗಿನ ಎಲ್ಲ ಚಲನೆಗಳನ್ನೂ ಇನ್ನೊಮ್ಮೆ ಮಾಡಿಸಿ. ಹೊರತೆಗೆದಾಗ ಪೇಸ್ಟ್ ತೆಳುವಾಗಿ ಗ್ರೀನ್ ಸ್ಟಿಕ್ ಇಣುಕುತ್ತಿದ್ದರೆ ಅಲ್ಲಿ ಒತ್ತಡ ಬಿದ್ದಿದೆ. ಇಣುಕಿದ ಜಾಗ ಕೆರೆದು ಪುನಃ ತೆಗೆಯಿರಿ, ಸ್ಟೋನಿನಲ್ಲಿ ಸರಿಮಾಡುವ ಆಸೆ ಬೇಡ. ಸ್ಟೋನ್ ಸುರಿಯುವಾಗ ಅಂಚಿನ ಕೆಳಗೆ 2-3 ಮಿ.ಮೀ. ಬಿಟ್ಟು ಮೇಣದ ಕಟ್ಟು ಹಾಕಿ ಬಾಕ್ಸ್ ಮಾಡಿ. ಅರ್ಧ ಗಂಟೆ ಕೂತು ಮೂಡಿಸಿದ ಅಂಚಿನ ದಪ್ಪ ಅಚ್ಚನ್ನು ಟ್ರಿಮ್ಮರಿಗೆ ಹಿಡಿದ ಒಂದು ನಿಮಿಷದಲ್ಲಿ ಹೋಗಿಬಿಡುತ್ತದೆ.

ಬೈಟ್: ಎತ್ತರ ಮತ್ತು ಹಿಂದಿನ ಜಾಗ

ತಾತ್ಕಾಲಿಕ ತಳದ (ಬೇಸ್) ಮೇಲೆ ಹಲ್ಲಿನ ಜಾಗದಲ್ಲಿ ಕಟ್ಟುವ ಮೇಣದ ದಿಂಡುಗಳಿಗೆ, ಅಂದರೆ ರಿಮ್‌ಗಳಿಗೆ, ಶುರುವಿನ ಲೆಕ್ಕ ಹೀಗೆ: ಮುಂಭಾಗದಲ್ಲಿ ಸಲ್ಕಸ್ಸಿನ ತಳದಿಂದ ಮೇಲಿನದು ಸುಮಾರು 22 ಮಿ.ಮೀ., ಕೆಳಗಿನದು 18 ಮಿ.ಮೀ. ಇದು ಲ್ಯಾಬಿಗೆ ಹೇಳುವ ಅಳತೆ. ಬಾಯಲ್ಲಿ ಮುಖ ನೋಡಿಯೇ ಸರಿಮಾಡಬೇಕು. ತುಟಿ ಸುಮ್ಮನಿದ್ದಾಗ ಮೇಲಿನ ಮೇಣ 1-2 ಮಿ.ಮೀ. ಕಾಣಲಿ, ವಯಸ್ಸಾದವರಿಗೆ ಅದಕ್ಕೂ ಕಡಿಮೆ. ಮುಂದಿನಿಂದ ನೋಡಿದರೆ ರಿಮ್ ಎರಡು ಕಣ್ಣುಪಾಪೆಗಳ ಗೆರೆಗೆ ಸಮಾನಾಂತರ, ಪಕ್ಕದಿಂದ ನೋಡಿದರೆ ಮೂಗಿನ ಹೊಳ್ಳೆಯಿಂದ ಕಿವಿಯ ಮುಂದಿನ ಗುಬ್ಬಿಗೆ ಎಳೆದ ಗೆರೆಗೆ ಸಮಾನಾಂತರ ಇರಬೇಕು.

ಎತ್ತರಕ್ಕೆ ಮೂಗಿನ ತುದಿಯಲ್ಲೊಂದು, ಗಲ್ಲದಲ್ಲೊಂದು ಚುಕ್ಕೆ ಇಡಿ. ರೋಗಿ ಒರಗಿಕೊಳ್ಳದೆ ನೆಟ್ಟಗೆ ಕೂರಲಿ. "ಅಮ್ಮ ಅನ್ನಿ, ಹಾಗೇ ಬಿಡಿ" ಎನ್ನಿ. ತುಟಿಗಳು ಸೇರಿ ದವಡೆ ಸಡಿಲ ಬಿಟ್ಟ ಆ ಹೊತ್ತಿನ ಅಂತರ ಅಳೆದುಕೊಳ್ಳಿ. ಮೂರ್ನಾಲ್ಕು ಸಲ ಅಳೆದು ಹೆಚ್ಚು ಸಲ ಬಂದ ಅಂಕಿ ಹಿಡಿಯಿರಿ. ರಿಮ್‌ಗಳು ಕೂಡಿದಾಗಿನ ಅಂತರ ಇದಕ್ಕಿಂತ 2ರಿಂದ 4 ಮಿ.ಮೀ. ಕಡಿಮೆ ಇರಬೇಕು. ಆಮೇಲೆ ಮಾತಿನಿಂದ ಪರೀಕ್ಷೆ: "ಸಾಸಿವೆ, ಸೊಸೆ, ಸರಸ್ವತಿ" ಎಂದು ಹೇಳಿಸಿ. ಸಕಾರಕ್ಕೆ ಮೇಲಿನ ಕೆಳಗಿನ ಅಂಚುಗಳು ಹತ್ತಿರ ಬಂದು ಸುಮಾರು ಒಂದು ಮಿಲಿಮೀಟರ್ ಸಂದು ಉಳಿಯಬೇಕು. ತಾಗಿದರೆ ಎತ್ತರ ಹೆಚ್ಚಾಯಿತು. ಹೆಚ್ಚಾದ ಎತ್ತರವೇ ಹೆಚ್ಚು ಅಪಾಯ. ಮಾತಾಡುವಾಗ ಹಲ್ಲು ಟಕಟಕ ಎನ್ನುತ್ತದೆ, ಇಡೀ ರಿಡ್ಜ್ ನೋಯುತ್ತದೆ, ಸಂಜೆಗೆ ದವಡೆ ಸೋಲುತ್ತದೆ, ಎಲುಬೂ ಬೇಗ ಸವೆಯುತ್ತದೆ. ಕಡಿಮೆಯಾದರೆ ಗಲ್ಲ ಮೂಗಿಗೆ ಹತ್ತಿರವಾಗಿ ಬಾಯಿಯ ಮೂಲೆಗಳು ಒದ್ದೆಯಾಗಿ ಒಡೆಯುತ್ತವೆ. ಎರಡರ ನಡುವೆ ಅನುಮಾನ ಬಂದರೆ ತುಸು ಕಡಿಮೆಯ ಕಡೆಗೇ ಇರಲಿ.

ಈಗ ಈ ಬರಹದ ತಿರುಳು. ಹಲ್ಲಿಲ್ಲದೆ ವರ್ಷಗಟ್ಟಲೆ ವಸಡಿನಲ್ಲೇ ಜಗಿದವರು, ಸವೆದ ಹಳೆಯ ಸೆಟ್ ಹಾಕಿಕೊಂಡವರು ಕೆಳದವಡೆಯನ್ನು ಮುಂದೆ ತಂದು ಕಚ್ಚುವುದನ್ನೇ ರೂಢಿ ಮಾಡಿಕೊಂಡಿರುತ್ತಾರೆ. "ಕಚ್ಚಿ" ಎಂದರೆ ಆ ರೂಢಿಯ ಜಾಗಕ್ಕೇ ಕಚ್ಚುತ್ತಾರೆ. ಅದನ್ನು ಬೈಟ್ ಎಂದು ಹಿಡಿದು ಹಲ್ಲು ಜೋಡಿಸಿದರೆ, ಊಟಕ್ಕೆ ಕೂತಾಗ ದವಡೆ ತನ್ನ ಸಹಜವಾದ ಹಿಂದಿನ ಜಾಗಕ್ಕೆ ಹೋಗುತ್ತದೆ, ಹಲ್ಲುಗಳ ಇಳಿಜಾರು ಒಂದಕ್ಕೊಂದು ತಗುಲಿ ಕೆಳಗಿನ ಸೆಟ್ ಜಾರಿ ಏಳುತ್ತದೆ. ಇದು ಸಡಿಲವಲ್ಲ, ತಳ್ಳಾಟ.

ಹಾಗಾಗಿ "ಕಚ್ಚಿ" ಎನ್ನಬೇಡಿ. ಮೇಲಿನ ರಿಮ್‌ನ ತಳದ ಹಿಂಭಾಗದ ನಡುವಿಗೆ ಮೇಣದ ಪುಟ್ಟ ಉಂಡೆ ಅಂಟಿಸಿ, ನಾಲಿಗೆಯ ತುದಿಯಲ್ಲಿ ಅದನ್ನು ಮುಟ್ಟಿಕೊಂಡೇ ನಿಧಾನಕ್ಕೆ ಮುಚ್ಚಲು ಹೇಳಿ. ನಾಲಿಗೆ ಹಿಂದೆ ಹೋದರೆ ದವಡೆಯೂ ಹಿಂದೆ ಹೋಗುತ್ತದೆ. ನಿಮ್ಮ ಎರಡು ತೋರುಬೆರಳು ಕೆಳಗಿನ ಬೇಸ್ ಮೇಲೆ, ಹೆಬ್ಬೆರಳು ಗಲ್ಲದ ಕೆಳಗೆ. ಹಿಂದಕ್ಕೆ ನೂಕಬೇಡಿ, ಬೇಸ್ ಏಳದಂತೆ ಹಿಡಿದು ದಾರಿ ತೋರಿಸಿದರೆ ಸಾಕು. ಹತ್ತಾರು ಸಲ ತೆರೆದು ಮುಚ್ಚಿಸಿ ಸ್ನಾಯು ದಣಿಸಿದರೆ ರೂಢಿ ಮರೆಯುತ್ತದೆ. ಮೇಲಿನ ರಿಮ್‌ನ ದವಡೆಹಲ್ಲಿನ ಜಾಗದಲ್ಲಿ ಎರಡೂ ಕಡೆ ಕಚ್ಚು ಕೊರೆದು ವ್ಯಾಸಲೀನ್ ಸವರಿ, ಕೆಳಗಿನ ರಿಮ್‌ನ ಅದೇ ಜಾಗದಲ್ಲಿ ಒಂದೆರಡು ಮಿ.ಮೀ. ಮೇಣ ತೆಗೆದು ಮೆತ್ತನೆಯ ಬೈಟ್ ಮೇಣ ಅಥವಾ ಪೇಸ್ಟ್ ಹಾಕಿ, ಒತ್ತಡವಿಲ್ಲದೆ ಮುಚ್ಚಿಸಿ. ಒತ್ತಿ ಕಚ್ಚಿಸಿದರೆ ಬೇಸ್ ವಸಡಿನೊಳಕ್ಕೆ ಕುಸಿದು ದಾಖಲೆಯೇ ಸುಳ್ಳಾಗುತ್ತದೆ. ಒಂದು ಸಲ ತೆಗೆದದ್ದನ್ನು ನಂಬಬೇಡಿ. ತೆಗೆದು, ದವಡೆಗಳ ಚಲನೆಯನ್ನು ಹೊರಗೆ ತೋರಿಸುವ ಉಪಕರಣವಾದ ಆರ್ಟಿಕ್ಯುಲೇಟರಿಗೆ ಕಟ್ಟಿ, ಇನ್ನೊಂದು ದಾಖಲೆ ತೆಗೆದು ಎರಡೂ ಹೊಂದುತ್ತವೆಯೇ ನೋಡಿ. ಹತ್ತು ನಿಮಿಷದ ಕೆಲಸ, ಆದರೆ ಆಮೇಲಿನ ನಾಲ್ಕು ಭೇಟಿ ಉಳಿಸುತ್ತದೆ.

ಕಳಿಸುವ ಮುಂಚೆ ರಿಮ್ ಮೇಲೆ ಮೂರು ಗೆರೆ: ಮುಖದ ನಡುಗೆರೆ, ಮೂಗಿನ ಹೊಳ್ಳೆಗಳ ನೇರಕ್ಕೆ ಕೋರೆಹಲ್ಲಿನ ಗೆರೆ, ಜೋರಾಗಿ ನಕ್ಕಾಗ ತುಟಿ ಏರುವ ಗೆರೆ. ಹಲ್ಲಿನ ಬಣ್ಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಕ್ಕಳು ಬೆಳ್ಳಗಿರುವುದನ್ನೇ ಕೇಳುತ್ತಾರೆ. ಹಗಲು ಬೆಳಕಿನಲ್ಲಿ ಮುಖದ ಪಕ್ಕ ಹಿಡಿದು ತೋರಿಸಿ, ಆಯ್ಕೆಯನ್ನು ಹಾಕಿಕೊಳ್ಳುವವರಿಗೇ ಬಿಡಿ.

ಮೇಣದ ಸೆಟ್ ಬಾಯಲ್ಲಿ

ಹಲ್ಲು ಜೋಡಿಸಿ ಬಂದ ಮೇಣದ ಸೆಟ್ಟನ್ನು ಮೊದಲು ಆರ್ಟಿಕ್ಯುಲೇಟರಿನಲ್ಲೇ ನೋಡಿ. ಕೆಳಗಿನ ದವಡೆಹಲ್ಲು ರಿಡ್ಜ್‌ನ ನಡುವಿನ ಮೇಲೆ ಕೂತಿವೆಯೇ? ನಾಲಿಗೆಯ ಕಡೆ ವಾಲಿದ್ದರೆ ನಾಲಿಗೆ ಎತ್ತುತ್ತದೆ, ಕೆನ್ನೆಯ ಕಡೆ ವಾಲಿದ್ದರೆ ಕೆನ್ನೆ. ಜಗಿಯುವ ಮೇಲ್ಮೈ ರೆಟ್ರೊಮೋಲಾರ್ ಪ್ಯಾಡಿನ ಮೂರನೇ ಎರಡು ಎತ್ತರಕ್ಕಿಂತ ಮೇಲೆ ಹೋಗಬಾರದು. ಹೋದರೆ ನಾಲಿಗೆ ಹಲ್ಲಿನ ಮೇಲೆ ಒರಗುವ ಬದಲು ಹಲ್ಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ದವಡೆ ಹಿಂದಕ್ಕೆ ಏರಲು ಶುರುವಾಗುವ ಇಳಿಜಾರಿನ ಮೇಲೆ ಕೊನೆಯ ಹಲ್ಲು ಕೂರಿಸಲೇಬೇಡಿ. ಪ್ರತಿ ತುತ್ತಿಗೂ ಸೆಟ್ ಜಾರುಬಂಡೆಯ ಮೇಲಿನಂತೆ ಮುಂದಕ್ಕೆ ಜಾರುತ್ತದೆ. ಜಾಗ ಸಾಲದಿದ್ದರೆ ಎರಡನೇ ದವಡೆಹಲ್ಲನ್ನೋ ಒಂದು ಪ್ರಿಮೋಲಾರನ್ನೋ ಕೈಬಿಡಿ. ಸೆಟ್ಟಿನಲ್ಲಿ ಒಂದು ಹಲ್ಲು ಕಡಿಮೆಯಿದೆ ಎಂದು ಯಾರೂ ಎಣಿಸುವುದಿಲ್ಲ. ಮೇಲಿನ ಮುಂದಿನ ಹಲ್ಲುಗಳಿಗೆ ಲೆಕ್ಕ ಬೇರೆ: ಬಾಚಿಹಲ್ಲಿನ ಮುಖ ಇನ್‌ಸೈಸಿವ್ ಪ್ಯಾಪಿಲ್ಲಾದ (ಅಂಗುಳದ ಮುಂದಿನ ನಡುವಿನ ಸಣ್ಣ ಉಬ್ಬಿನ) ನಡುವಿನಿಂದ 8-10 ಮಿ.ಮೀ. ಮುಂದೆ ಇರುವುದು ವಾಡಿಕೆ. ಅಂಜಿ ರಿಡ್ಜ್ ಮೇಲೆಯೇ ಕೂರಿಸಿದರೆ ತುಟಿ ಒಳಬಿದ್ದು ಮುಖ ಇನ್ನೂ ಹತ್ತು ವರ್ಷ ಮುದಿಯಾಗುತ್ತದೆ.

ಬಾಯಲ್ಲಿಟ್ಟು ಮಾತಾಡಿಸಿ, ಕನ್ನಡದ ಅಕ್ಷರಗಳೇ ಒಳ್ಳೆಯ ಉಪಕರಣ. "ಕಾಫಿ" ಎನ್ನುವಾಗ ಮೇಲಿನ ಬಾಚಿಹಲ್ಲಿನ ಅಂಚು ಕೆಳತುಟಿಯ ಒದ್ದೆ-ಒಣ ಸೇರುವ ಗೆರೆಗೆ ತಾಗಬೇಕು. ಎಷ್ಟೋ ಹಿರಿಯರು "ಕಾಪಿ" ಎಂದೇ ಹೇಳುತ್ತಾರೆ, ಎರಡು ತುಟಿ ಸೇರಿಬಿಡುವುದರಿಂದ ಅದು ಪರೀಕ್ಷೆಗೆ ಬಾರದು. ಅವರಿಗೆ "ಅವ್ವ, ಹೂವು" ಹೇಳಿಸಿ. "ತಾತ, ದನ" ಸ್ಪಷ್ಟವಾಗಿ ಬರದಿದ್ದರೆ ಬಾಚಿಹಲ್ಲಿನ ಹಿಂಬದಿ ದಪ್ಪ ಅಥವಾ ಹಲ್ಲು ತೀರ ಒಳಗೆ. "ಹಳ್ಳಿ, ಕಣ್ಣು, ಹೊಟ್ಟೆ" ತೊದಲಿದರೆ ನಾಲಿಗೆ ಮಡಚಿ ತಾಗುವ ಅಂಗುಳದ ಜಾಗ ದಪ್ಪ, ಮೇಣ ತೆಳ್ಳಗೆ ಮಾಡಿ.

ಬೈಟನ್ನು ಇನ್ನೊಮ್ಮೆ ಪರೀಕ್ಷಿಸಿ. ಕೆಳಗಿನ ಬೇಸ್ ಹಿಡಿದು, ದವಡೆಯನ್ನು ಹಿಂದಿನ ಜಾಗಕ್ಕೆ ಕರೆದೊಯ್ದು, ಹಲ್ಲು ತಾಗಿದ ಮೊದಲ ಕ್ಷಣದಲ್ಲೇ ನಿಲ್ಲಲು ಹೇಳಿ. ಅಲ್ಲಿಂದ ಮುಂದೆ ಮುಚ್ಚಿದಾಗ ಹಲ್ಲುಗಳು ಜಾರಿದರೆ ಬೈಟ್ ತಪ್ಪಿದೆ. ಮೇಣದಲ್ಲೇ ಇದೆ, ಅಳುಕಬೇಡಿ. ಕೆಳಗಿನ ದವಡೆಹಲ್ಲು ಕಿತ್ತು, ಹೊಸ ಮೇಣ ಇಟ್ಟು, ಹೊಸ ದಾಖಲೆ ತೆಗೆದು ಲ್ಯಾಬಿಗೆ ವಾಪಸು ಕಳಿಸಿ. ರೋಗಿ ಮತ್ತು ಮನೆಯವರು ಕನ್ನಡಿಯಲ್ಲಿ ನೋಡಿ ಒಪ್ಪಿದ ಮೇಲಷ್ಟೇ ಮುಂದಿನ ಹೆಜ್ಜೆ.

ಲ್ಯಾಬಿಗೆ ಹೇಳಬೇಕಾದ್ದು

ಬಿಸಿಗೆ ಗಟ್ಟಿಯಾಗುವ ಅಕ್ರಿಲಿಕ್ಕಿಗೆ ಪುಡಿ ಮತ್ತು ದ್ರವ ಗಾತ್ರದಲ್ಲಿ 3:1. ಹಿಟ್ಟಿನಂತೆ ಹದವಾಗಿ ಕೈಗೆ ಅಂಟದಿರುವಾಗ ತುಂಬಬೇಕು. 74 ಡಿಗ್ರಿಯಲ್ಲಿ ಎರಡು ಗಂಟೆ, ಆಮೇಲೆ 100 ಡಿಗ್ರಿಯಲ್ಲಿ ಒಂದು ಗಂಟೆ ಒಂದು ಒಳ್ಳೆಯ ಕ್ರಮ. ಅವಸರಕ್ಕೆ ನೇರ ಕುದಿಯುವ ನೀರಿಗೆ ಹಾಕಿದರೆ ಆ ದ್ರವ, ಅಂದರೆ ಮಾನೋಮರ್, ಒಳಗೇ ಕುದಿದು ದಪ್ಪ ಜಾಗಗಳಲ್ಲಿ ಗುಳ್ಳೆ ಉಳಿಯುತ್ತದೆ. ಅದರ ಕುದಿಬಿಂದು 100.8 ಡಿಗ್ರಿ, ಅಕ್ರಿಲಿಕ್ ತಾನೇ ಹುಟ್ಟಿಸುವ ಬಿಸಿಯೂ ಸೇರಿ ಅದನ್ನು ಸುಲಭವಾಗಿ ದಾಟುತ್ತದೆ. ಅಕ್ರಿಲಿಕ್ ತುಂಬಿದ ಪೆಟ್ಟಿಗೆ, ಅಂದರೆ ಫ್ಲಾಸ್ಕ್, ಅರ್ಧ ಗಂಟೆ ಹೊರಗೆ ತಾನಾಗಿ ಆರಲಿ. ಬಿಸಿಯಿದ್ದಾಗಲೇ ನಲ್ಲಿಯ ಕೆಳಗೆ ಹಿಡಿದರೆ ಸೆಟ್ ಸೊಟ್ಟಗಾಗುತ್ತದೆ. ಅಚ್ಚಿನಿಂದ ಬಿಡಿಸುವ ಮುಂಚೆ ಆರ್ಟಿಕ್ಯುಲೇಟರಿಗೆ ಮತ್ತೆ ಕಟ್ಟಿ ಹಲ್ಲು ಸವೆಸಲು ಹೇಳಿ. ಆರ್ಟಿಕ್ಯುಲೇಟರಿನ ಮುಂದಿನ ಪಿನ್ ಒಂದು ಮಿಲಿಮೀಟರಿಗಿಂತ ಹೆಚ್ಚು ಎದ್ದಿದ್ದರೆ ತುಂಬುವಾಗ ಫ್ಲಾಸ್ಕ್ ಪೂರ್ತಿ ಮುಚ್ಚಿಲ್ಲ. ಪಾಲಿಶ್ ಆದ ಸೆಟ್ ಒಂದು ದಿನ ನೀರಿನಲ್ಲಿರಲಿ, ಉಳಿದ ಮಾನೋಮರ್ ಸಾಕಷ್ಟು ಇಳಿದುಹೋಗುತ್ತದೆ.

ಕೂರಿಸುವ ದಿನ

ಒಳಮೈಯನ್ನು ಹತ್ತಿಯ ಎಳೆಯಿಂದ ಉಜ್ಜಿ ನೋಡಿ. ಎಳೆ ಸಿಕ್ಕಿಕೊಂಡಲ್ಲಿ ಅಕ್ರಿಲಿಕ್ಕಿನ ಸೂಕ್ಷ್ಮ ಮೊಳೆ ಇದೆ. ಒತ್ತಡದ ಜಾಗ ತೋರಿಸುವ ಪ್ರೆಶರ್ ಪೇಸ್ಟನ್ನು ಒಳಮೈಗೆ ಬ್ರಷ್‌ನ ಗೆರೆ ಕಾಣುವಂತೆ ತೆಳ್ಳಗೆ ಹಚ್ಚಿ, ಕೂರಿಸಿ, ತೆಗೆಯಿರಿ. ಪೇಸ್ಟ್ ಪೂರ್ತಿ ಒರೆಸಿಹೋದ ಜಾಗವನ್ನಷ್ಟೇ ಸವೆಸಿ. ಫ್ರೀನಮ್ಮಿಗೆ ಕಿರಿದಾದ ಕಚ್ಚು ಸಾಕು, ಅಗಲವಾಗಿ ಕೊರೆದರೆ ಗಾಳಿ ಒಳಹೋಗಿ ಸೀಲ್ ಒಡೆಯುತ್ತದೆ.

ಆಮೇಲೆ ಬೈಟ್. ಬಾಯಲ್ಲೇ ಹಲ್ಲು ತಾಗುವ ಗುರುತು ಮೂಡಿಸುವ ಬಣ್ಣದ ಕಾಗದ ಇಟ್ಟು ಸವೆಸಿದರೆ ಬೇಸ್ ಅಲುಗಿ ಸುಳ್ಳು ಗುರುತು ಬೀಳುತ್ತದೆ. ಹೊಸದಾಗಿ ದಾಖಲೆ ತೆಗೆದು ಸೆಟ್ಟನ್ನು ಆರ್ಟಿಕ್ಯುಲೇಟರಿಗೆ ಕಟ್ಟಿ ಸವೆಸುವುದೇ ಸರಿಯಾದ ದಾರಿ. ಅದಕ್ಕೆ ಅನುಕೂಲವಿಲ್ಲದಿದ್ದರೆ ಕಾಗದವನ್ನು ಎರಡೂ ಕಡೆ ಒಟ್ಟಿಗೇ ಇಡಿ. ಒಂದೇ ಕಡೆ ಇಟ್ಟರೆ ರೋಗಿ ಆ ಕಡೆಗೇ ವಾಲಿ ಕಚ್ಚುತ್ತಾರೆ. ಪಕ್ಕದ ಚಲನೆಯಲ್ಲಿ ಜಗಿಯುವ ಕಡೆ ತೊಡರಿದರೆ ಮೇಲಿನ ಹೊರತುದಿ ಮತ್ತು ಕೆಳಗಿನ ಒಳತುದಿ ಮಾತ್ರ ಸವೆಸಿ. ಎತ್ತರ ಹಿಡಿದಿಟ್ಟಿರುವ ಮೇಲಿನ ಒಳತುದಿ, ಕೆಳಗಿನ ಹೊರತುದಿ ಮುಟ್ಟಬೇಡಿ.

ಮನೆಗೆ ಕಳಿಸುವಾಗ ಹೇಳುವುದನ್ನು ಮಗನಿಗೋ ಸೊಸೆಗೋ ಅಲ್ಲ, ಹಾಕಿಕೊಳ್ಳುವವರಿಗೇ ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಮೊದಲ ವಾರ ಗಂಜಿ, ಮೆತ್ತನೆ ಅನ್ನ, ಇಡ್ಲಿ. ಮುದ್ದೆ ನುಂಗುವವರಿಗೆ ಮುದ್ದೆ ತೊಂದರೆಯಿಲ್ಲ, ಜಗಿಯುವುದೇ ಇಲ್ಲವಲ್ಲ. ಆದರೆ ಅದರಿಂದ ಸೆಟ್ಟಿನಲ್ಲಿ ಜಗಿಯುವ ಅಭ್ಯಾಸವೂ ಆಗುವುದಿಲ್ಲ, ಪಲ್ಯವನ್ನಾದರೂ ಜಗಿಯಲಿ. ಚಿಕ್ಕ ತುತ್ತು, ಎರಡೂ ಕಡೆ ಒಟ್ಟಿಗೆ. ಮುಂದಿನ ಹಲ್ಲಿನಲ್ಲಿ ಚಕ್ಕುಲಿ, ಸೀಬೆಹಣ್ಣು ಕಚ್ಚಿ ಮುರಿಯಬಾರದು. ಎಂಜಲು ಕೆಲವು ದಿನ ಹೆಚ್ಚಾಗಿ ಬರುತ್ತದೆ, ತಾನೇ ಇಳಿಯುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಬಿಸಿನೀರು ಬೇಡ. ತೊಳೆಯಲು ಮೆತ್ತನೆ ಬ್ರಷ್ ಮತ್ತು ಸೋಪು, ಟೂತ್‌ಪೇಸ್ಟ್ ಅಕ್ರಿಲಿಕ್ಕನ್ನು ಗೀರುತ್ತದೆ. ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆದರೆ ಕೈಜಾರಿದರೂ ಒಡೆಯುವುದಿಲ್ಲ.

ಮರುದಿನ ಒಮ್ಮೆ, ವಾರ ಕಳೆದು ಇನ್ನೊಮ್ಮೆ ನೋಡಲೇಬೇಕು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಸೆಟ್ ಕೊಡಲು ರಾಜ್ಯದಲ್ಲಿ ದಂತಭಾಗ್ಯ ಯೋಜನೆ ಬಂದಿದೆ. ದೂರದ ಹಳ್ಳಿಯಿಂದ ಹೀಗೆ ಬರುವವರಿಗೆ ಕೂರಿಸಿದ ನಂತರದ ಭೇಟಿಗಳನ್ನೂ ಮೊದಲ ದಿನವೇ ದಿನಾಂಕ ಹಾಕಿ ಕೊಡಿ. ನೋವಾಯಿತೆಂದು ಸೆಟ್ ತೆಗೆದು ಡಬ್ಬಿಯಲ್ಲಿಟ್ಟವರು ಅದನ್ನು ಮತ್ತೆ ಹಾಕಿಕೊಳ್ಳುವುದು ಕಡಿಮೆ. ಬರುವ ದಿನ ಕೆಲವು ಗಂಟೆ ಸೆಟ್ ಹಾಕಿಕೊಂಡೇ ಬರಲಿ, ಇಲ್ಲದಿದ್ದರೆ ಹುಣ್ಣಿನ ಜಾಗ ಕಾಣುವುದಿಲ್ಲ.

ದೂರು ಬಂದಾಗ

ನೋವಿನ ಜಾಗವೇ ಕಾರಣ ಹೇಳುತ್ತದೆ. ಸಲ್ಕಸ್ಸಿನ ತಳದಲ್ಲಿ ಸೀಳಿದಂತಿದ್ದರೆ ಅಂಚು ಉದ್ದ. ರಿಡ್ಜ್‌ನ ನೆತ್ತಿಯಲ್ಲಿ ಒಂದೇ ಚುಕ್ಕೆಯಾದರೆ ಒಳಗೆ ಮೊಳೆ, ಅಥವಾ ಅದರ ನೇರಕ್ಕೆ ಒಂದು ಹಲ್ಲು ಎತ್ತರ. ರಿಡ್ಜ್‌ನ ಇಳಿಜಾರಿನಲ್ಲಿ ಉಜ್ಜಿದ ಹುಣ್ಣಾದರೆ ಬೈಟ್ ಜಾರುತ್ತಿದೆ, ಅಲ್ಲಿ ಒಳಮೈ ಸವೆಸಿದರೆ ಹುಣ್ಣು ಇನ್ನೊಂದು ಕಡೆ ಏಳುತ್ತದೆ. ಇಡೀ ರಿಡ್ಜ್ ಕೆಂಪಾಗಿದ್ದರೆ ಎತ್ತರ ಹೆಚ್ಚು. ನುಂಗುವಾಗ ನೋವಾದರೆ ಕೆಳಗಿನ ಹಿಂದಿನ ಒಳಅಂಚು ಅಥವಾ ಮೇಲಿನ ಹ್ಯಾಮ್ಯುಲರ್ ಮೂಲೆ ಉದ್ದ. ಕೆನ್ನೆ ಕಚ್ಚಿಕೊಂಡರೆ ಮೇಲಿನ ದವಡೆಹಲ್ಲು ಕೆಳಗಿನದಕ್ಕಿಂತ ಸಾಕಷ್ಟು ಹೊರಚಾಚಿಲ್ಲ, ಕೆಳಗಿನ ಹಲ್ಲಿನ ಹೊರಮೈ ದುಂಡಗೆ ಮಾಡಿ.

ಮೇಲಿನ ಸೆಟ್ ಬಾಯಿ ಅಗಲಿಸಿದಾಗ ಬಿದ್ದರೆ ಹಿಂದಿನ ಹೊರಮೂಲೆ ದಪ್ಪ, ನಕ್ಕಾಗ ಬಿದ್ದರೆ ಫ್ರೀನಮ್, ಕೆಮ್ಮಿದಾಗಲೋ ನೀರು ಕುಡಿಯುವಾಗಲೋ ಬಿದ್ದರೆ ಹಿಂದಿನ ಸೀಲ್.

ಕೆಳಗಿನ ಸೆಟ್ ಏಳುತ್ತದೆ ಎಂದವರಿಗೆ ಮೂರು ಪರೀಕ್ಷೆ, ಇದೇ ಕ್ರಮದಲ್ಲಿ. ಮೊದಲು ಬೆರಳುಗಳನ್ನು ಎರಡೂ ಕಡೆಯ ಪ್ರಿಮೋಲಾರ್ ಮೇಲಿಟ್ಟು ಒಂದಾದ ಮೇಲೊಂದು ಒತ್ತಿ. ಸೆಟ್ ತೊಟ್ಟಿಲಿನಂತೆ ತೂಗಿದರೆ ಒಳಮೈ ಹೊಂದಿಲ್ಲ, ರೀಲೈನ್ ಬೇಕಾದದ್ದು ಇಂಥದ್ದಕ್ಕೆ. ತೂಗದಿದ್ದರೆ ಕಚ್ಚಿಸದೆ ಬಾಯಿ ಅರ್ಧ ತೆರೆಸಿ, ನಾಲಿಗೆಯಿಂದ ತುಟಿಯ ಮೂಲೆ ಮುಟ್ಟಿಸಿ. ಆಗ ಎದ್ದರೆ ಅಂಚು ಉದ್ದ, ಎದ್ದ ಕಡೆಗೆ ಪೇಸ್ಟ್ ಹಚ್ಚಿ ಸವೆಸಿ. ಆಗಲೂ ಕೂತೇ ಇದ್ದು, ಹಲ್ಲು ಕೂಡಿದಾಗ ಮಾತ್ರ ಜಾರಿದರೆ ಅಥವಾ ಎದ್ದರೆ ಅದು ಬೈಟ್. ರೀಲೈನ್ ಯೋಚನೆ ಬಿಡಿ, ಹೊಸ ದಾಖಲೆ ತೆಗೆದು ಆರ್ಟಿಕ್ಯುಲೇಟರಿಗೆ ಕಟ್ಟಿ. ತಪ್ಪು ಅರ್ಧ ಮಿಲಿಮೀಟರಿನಷ್ಟಾದರೆ ಸವೆಸಿ ಸರಿಹೋಗುತ್ತದೆ. ಹಲ್ಲಿನ ಅರ್ಧ ಅಗಲ ತಪ್ಪಿದ್ದರೆ ಕೆಳಗಿನ ದವಡೆಹಲ್ಲು ಕತ್ತರಿಸಿ ತೆಗೆದು ಹೊಸದಾಗಿ ಜೋಡಿಸಬೇಕು.

ಇಷ್ಟೆಲ್ಲ ಸರಿಯಿದ್ದೂ ನಿಲ್ಲದ ದವಡೆಗಳಿವೆ. ರಿಡ್ಜ್ ಪೂರ್ತಿ ಸವೆದು ಚಪ್ಪಟೆಯಾಗಿ, ಬಾಯಿಯ ತಳ ಅದಕ್ಕಿಂತ ಮೇಲೆ ಉಬ್ಬಿದವರಿಗೆ ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ ಕೂರಿಸುವ ದಾರಿ ಇದೆ. 2002ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರ ಒಮ್ಮತ ಹಲ್ಲಿಲ್ಲದ ಕೆಳದವಡೆಗೆ ಅದನ್ನೇ ಮೊದಲ ಆಯ್ಕೆ ಎಂದಿತು. ಖರ್ಚು ಎಲ್ಲರಿಗೂ ಎಟುಕುವುದಿಲ್ಲ, ಆದರೂ ಅದೊಂದು ದಾರಿಯಿದೆ ಎಂದು ಮೊದಲ ಭೇಟಿಯಲ್ಲೇ ತಿಳಿಸಿ. ಬೇಡವೆಂದವರಿಗೆ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಂಡು ಹೋಗಲು ಹೇಳಿ, ಆ ಭೇಟಿಯಲ್ಲಿ ಮೊದಲು ಬೈಟ್, ಆಮೇಲೆ ಒಳಮೈ ನೋಡಿ.